ಮೂರನೇ ಪೆಡಲು

ನನಗೊಂದು ಚಟವಿದೆ. ಯಾರ ಕಾರಿನಲ್ಲಿ ಕುಳಿತರೂ ನನ್ನ ಕಣ್ಣು ಗೇರ್ ರಾಡಿನ ಮೇಲಿರುತ್ತದೆ. ಅದಕ್ಕೆ ಯಾರಾದರೂ ಏನಾದರೂ ತೂಗುಹಾಕಿದರೆ ಸುಮ್ಮನಿರಲು ನನ್ನಿಂದಾಗುವುದಿಲ್ಲ. ಮೊನ್ನೆ ಮಗ ಹುಬ್ಬಳ್ಳಿಯ ಮಾರ್ಕೆಟ್ಟಿನಲ್ಲಿ ಸವತೆಕಾಯಿ, ಮೆಂತ್ಯ ಕೊಂಡವನು ಚೀಲವನ್ನು ತಂದು ನೇರ ಗೇರ್ ರಾಡಿಗೆ ಸಿಗಿಸಿದ. "ತಗೀ ಅದನ್ನ!" ಎಂದು ನಾನು ಹಿಂದಿನ ಸೀಟಿನಿಂದ ಕೂಗಿದ ರಭಸಕ್ಕೆ ಹೆದರಿ, ಆಗಷ್ಟೇ ಹೊರಟಿದ್ದ ಕಾರಿನ ಬ್ರೇಕ್ ಒತ್ತಿಬಿಟ್ಟ.

"ಯಾಕಬೇ ಯವ್ವಾ, ಏನಾತು?"

"ಚೀಲ ಹಾಕಿದ್ರ ಗಾಡಿ ನಿಂದರತೈತಿ."

ಗಾಡಿ ನಿಂತೇ ಇತ್ತು, ನನ್ನ ದೆಸೆಯಿಂದ. ಮಗ ಕನ್ನಡಿಯಲ್ಲಿ ನನ್ನನ್ನು ನೋಡಿದ ರೀತಿಯಲ್ಲೇ ಈ ವಿಷಯ ರಾತ್ರಿ ಸೊಸೆಯೊಡನೆ ಚರ್ಚೆಗೆ ಬರಲಿದೆ ಎಂದು ಗೊತ್ತಾಯಿತು. ಬರಲಿ. ಮನೆಯವರಿಗೆ ವಿವರಿಸುವ ಕಷ್ಟ ನನಗೆ ಬೇಡ, ನಿಮಗೆ ಹೇಳುತ್ತೇನೆ. ಓದುವವರು ನಡುವೆ ಎದ್ದು ಹೋದರೂ ಬರೆದವರಿಗೆ ಕಾಣಿಸುವುದಿಲ್ಲ, ಅದೊಂದು ಅನುಕೂಲ.

ಎಪ್ಪತ್ತರ ದಶಕದ ಮಾತು. ನಮ್ಮದು ಅಣ್ಣಿಗೇರಿಯಲ್ಲಿ ಕೂಡು ಕುಟುಂಬ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಅಪ್ಪನ ತಮ್ಮ ಶಿವಬಸಪ್ಪ ಕಾಕಾ ಹತ್ತಿ, ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿಯನ್ನೂ ಮನೆತನದ ಮರ್ಯಾದೆಯನ್ನೂ ನೋಡಿಕೊಳ್ಳುತ್ತಿದ್ದ. ಎರಡನೆಯದರಲ್ಲಿ ಪುರುಸೊತ್ತೇ ಇರಲಿಲ್ಲ. ನವಲಗುಂದದ ಇನ್ನೊಬ್ಬ ಅಡತಿಯವರು ಅಂಬಾಸಿಡರ್ ಕಾರು ತಂದ ದಿನದಿಂದ ಕಾಕಾನಿಗೆ ಊಟ ಸೇರದಾಯಿತು. ತಾನೂ ಅಂಬಾಸಿಡರ್ ತಂದರೆ ಅವರ ಸಮಕ್ಕೆ ಬಂದ ಹಾಗಾಗುತ್ತದೆ, ಬರೀ ಸಮಕ್ಕೆ ಬರುವುದೆಂದರೆ ಕಾಕಾನ ಲೆಕ್ಕದಲ್ಲಿ ಸೋತ ಹಾಗೆಯೇ. ಅಷ್ಟರಲ್ಲಿ, ಹುಬ್ಬಳ್ಳಿಯಲ್ಲಿ ಬೋರ್‌ವೆಲ್ ಕೊರೆಸುವ ಕೆಲಸಕ್ಕೆಂದು ಬಂದಿದ್ದ ಜರ್ಮನ್ ದಂಪತಿ ತಮ್ಮ ದೇಶಕ್ಕೆ ಮರಳುತ್ತಾರೆ, ಅವರ ಕಾರು ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಆ ರಾತ್ರಿ ಕಾಕಾ ಎರಡು ರೊಟ್ಟಿ ಹೆಚ್ಚು ತಿಂದ.

ಜರ್ಮನರ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ಒಬ್ಬರು ಬೇಕಲ್ಲ? ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಗಂಗತ್ತೆಗೆ ಮಾತ್ರ. ನನಗೂ ಬರುತ್ತಿತ್ತು ಎಂದು ನಾನು ತಿಳಿದಿದ್ದೆ, ಬೇರೆ ಯಾರೂ ತಿಳಿದಿರಲಿಲ್ಲ. ಗಂಗತ್ತೆ ಅಪ್ಪ ಮತ್ತು ಕಾಕಾನ ತಂಗಿ, ಶಲವಡಿಯ ಸಾಲಿಯಲ್ಲಿ ಮಾಸ್ತರಿಣಿ. ಚಿಕ್ಕವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು, ಮೊಣಕಾಲಿನ ಕೆಳಗೆ ಬಲವಿರಲಿಲ್ಲ. ಆ ಕಾಲಿನ ಕಾರಣಕ್ಕೆ ಮದುವೆ ಆಗಲಿಲ್ಲ ಎಂದು ಮನೆಯವರು ಹೇಳುತ್ತಿದ್ದರು. ಬಂದ ಗಂಡುಗಳನ್ನು ನೋಡಿ ತಾನೇ ಒಲ್ಲೆ ಅಂದೆ ಎಂದು ಅತ್ತೆ ಹೇಳುತ್ತಿದ್ದಳು. ಅಂತೂ ದಿನವೂ ಅಣ್ಣಿಗೇರಿಯಿಂದ ಶಲವಡಿಗೆ ಬಸ್ಸಿನಲ್ಲಿ ಓಡಾಟ. ಬಸ್ಸಿನ ಮೆಟ್ಟಿಲು ಎತ್ತರ. ಬೆಳಿಗ್ಗೆ ಕಂಡಕ್ಟರ್ ಮೇಲಿನಿಂದ ಕೈ ಹಿಡಿದು ಎಳೆಯಬೇಕು, ಕೆಳಗಿನಿಂದ ಯಾರಾದರೂ ಪುಣ್ಯಾತ್ಮರು ಒತ್ತಬೇಕು. ಜೋಳದ ಚೀಲ ಹತ್ತಿಸಿದ ಹಾಗೆ ತನ್ನನ್ನು ಹತ್ತಿಸುತ್ತಾರೆ ಎಂದು ಅವಳೇ ನಗುತ್ತ ಹೇಳುತ್ತಿದ್ದಳು. ಹತ್ತುವಾಗ ಮಾತ್ರ ಅವಳು ನಕ್ಕದ್ದನ್ನು ನಾನು ನೋಡಿಲ್ಲ.

ಕಾರು ಬಂತು. ಬೆನ್ನು ದುಂಡಗಿದ್ದ ಬೀಟಲ್. ಊರು ಅದಕ್ಕೆ ಒಂದೇ ದಿನದಲ್ಲಿ 'ಆಮಿ', ಅಂದರೆ ಆಮೆ, ಎಂದು ಹೆಸರಿಟ್ಟಿತು. ಮುಂದಿನ ಬಾನೆಟ್ ತೆಗೆದರೆ ಎಂಜಿನ್ನೇ ಇಲ್ಲ, ಬರೀ ಸಾಮಾನಿಡುವ ಜಾಗ. ಎಂಜಿನ್ ಹಿಂದೆ ಇತ್ತು, ಅದೂ ಗಾಳಿಯಿಂದ ತಣ್ಣಗಾಗುವಂಥದ್ದು, ನೀರೇ ಬೇಡ. ಕುಡಿಯುವ ನೀರಿಗೆ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದ ನಮ್ಮ ಕಡೆ ಇದಕ್ಕಿಂತ ದೊಡ್ಡ ಗುಣ ಬೇಕೆ? "ಅವರ ಅಂಬಾಸಿಡರ್ ಅಣ್ಣಿಗೇರಿಗೆ ಬಂದು ಹೋಗೂದ್ರಾಗ ಒಂದು ಕೊಡ ನೀರು ಕುಡೀತೈತಿ. ನಮ್ಮದು ಅಗದಿ ಉಪವಾಸ" ಎಂದು ಕಾಕಾ ಬಂದವರಿಗೆಲ್ಲ ಹೇಳಿದ.

ಅವನಿಗೆ ತಿಳಿಯದೆ ಉಳಿದದ್ದು ಬೇರೆ. ಆ ಕಾರಿಗೆ ಎರಡೇ ಪೆಡಲು. ಒಂದು ಬ್ರೇಕ್, ಒಂದು ಆಕ್ಸಿಲರೇಟರ್. ಕ್ಲಚ್ ಪೆಡಲು ಇರಲಿಲ್ಲ. ಗೇರನ್ನು ಕೈಯಿಂದಲೇ ಹಾಕಬೇಕು, ಆದರೆ ಗೇರ್ ರಾಡನ್ನು ಮುಟ್ಟಿದ ಕೂಡಲೇ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಕೈ ತೆಗೆದರೆ ತಾನಾಗಿ ಹಿಡಿದುಕೊಳ್ಳುತ್ತಿತ್ತು. ಅರ್ಧ ಕೆಲಸ ಕಾರಿನದು, ಅರ್ಧ ನಮ್ಮದು. ಜರ್ಮನ್ ಹೆಂಗಸು ಹುಬ್ಬಳ್ಳಿಯಲ್ಲಿ ಇದನ್ನೆಲ್ಲ ಗಂಗತ್ತೆಗೆ ಬಿಡಿಸಿ ಹೇಳಿ, ಓಡಿಸುವಾಗ ರಾಡಿನ ಮೇಲೆ ಕೈ ಊರಬೇಡಿ ಎಂದು ಎರಡೆರಡು ಸಲ ಎಚ್ಚರಿಸಿದ್ದಳು. ಅತ್ತೆ ಅದನ್ನು ಅಲ್ಲೇ ಕನ್ನಡದಲ್ಲಿ ಹೇಳಿದಾಗ ಕಾಕಾ ಕಾರಿನ ಬಣ್ಣ ನೋಡುತ್ತಿದ್ದ.

ಕಾಕಾ ಕಲಿತದ್ದು ಜೀಪಿನ ಮೇಲೆ. ಗೇರಿಗೆ ಕೈ ಹೋದರೆ ಅವನ ಎಡಗಾಲು ಕ್ಲಚ್ ಹುಡುಕುತ್ತ ಕೆಳಗೆ ಬಡಿಯುತ್ತಿತ್ತು. ಈ ಕಾರಿನಲ್ಲಿ ಅಲ್ಲಿ ಇದ್ದದ್ದು ಅಗಲವಾದ ಬ್ರೇಕ್. ಮೊದಲ ದಿನ ಅಡತಿ ಅಂಗಡಿಯ ಮುಂದೆ ಒಂದನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಅಪ್ಪನ ಹಣೆ ಮುಂದಿನ ಗಾಜಿಗೆ ಬಡಿಯಿತು. ಎರಡನೆಯ ದಿನ ಕಾಕಿಯ ಹಣೆ ಮುಂದಿನ ಸೀಟಿಗೆ ಬಡಿಯಿತು. ಮೂರನೆಯ ದಿನ ಮನೆಯಲ್ಲಿ ಎಲ್ಲರಿಗೂ ಬೇರೆ ಬೇರೆ ಕೆಲಸಗಳಿದ್ದವು, ಕಾರಿನಲ್ಲಿ ಕೂರಲು ಯಾರೂ ಸಿಗಲಿಲ್ಲ.

ಆಗ ಗಂಗತ್ತೆ, "ಅಣ್ಣಾ, ನಾ ಒಮ್ಮಿ ನೋಡ್ಲೇನು?" ಎಂದಳು.

ಕಾಕಾ ನಕ್ಕ. ಅಪ್ಪನೂ ನಕ್ಕ. ಆ ಕಾರಿಗೆ ಎಡಗಾಲು ಬೇಕಾಗಿಯೇ ಇಲ್ಲ ಎನ್ನುವುದು ಅವರಿಬ್ಬರಿಗೂ ಹೊಳೆದಿರಲಿಲ್ಲ. ಅತ್ತೆ ಕುಳಿತು, ಎಡಗಾಲನ್ನು ಕೈಯಿಂದ ಎತ್ತಿ ಒಂದು ಬದಿಗಿಟ್ಟು, ಬಲಗಾಲಿನಿಂದ ಅಂಗಳದಲ್ಲಿ ಒಂದು ಸುತ್ತು ಹೊಡೆದು ಬಂದಳು. ಯಾರ ಹಣೆಯೂ ಎಲ್ಲಿಯೂ ಬಡಿಯಲಿಲ್ಲ. ಸ್ವಲ್ಪ ದಿನಗಳಲ್ಲೇ ಆಮೆ ಬೆಳಿಗ್ಗೆ ಶಲವಡಿಗೆ ಹೋಗಿ ಸಂಜೆ ಅಣ್ಣಿಗೇರಿಗೆ ಬರತೊಡಗಿತು. ಒಂದು ಸಂಜೆ ಎದುರಿಗೆ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈ ಬೀಸಿದನಂತೆ. ಅತ್ತೆ ಹಾರನ್ ಹೊಡೆದಳಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು.

ಅಣ್ಣನ ಕಾರನ್ನು ತಂಗಿ ಓಡಿಸುವುದೆಂದರೆ ಮರ್ಯಾದೆಯ ಗತಿ ಏನು ಎಂದು ನೀವು ಕೇಳಬಹುದು. ಮರ್ಯಾದೆಯನ್ನು ಜರ್ಮನರೇ ಕಾಪಾಡಿದ್ದರು. ಆ ಕಾರಿನ ಸ್ಟೇರಿಂಗ್ ಎಡಗಡೆ ಇತ್ತು! ನಮ್ಮ ಜನ ಬಲಗಡೆ ಕುಳಿತವನೇ ಡ್ರೈವರ್ ಎಂದು ನಂಬಿದವರು. ಅತ್ತೆ ಎಡಗಡೆ ಕುಳಿತು ಓಡಿಸುತ್ತಿದ್ದರೆ, ಹತ್ತಿ ಖರೀದಿಯ ನೆಪದಲ್ಲಿ ಬಲಗಡೆ ಕಾಕಾ ದಿನವೂ ಎದೆಯುಬ್ಬಿಸಿ ಕೂರುತ್ತಿದ್ದ. ರಸ್ತೆಯ ಬದಿಯ ಜನ ಅವನನ್ನು ನೋಡಿ ನಮಸ್ಕಾರ ಮಾಡುತ್ತಿದ್ದರು. ಕಾಕಾ ಎರಡೂ ಕೈ ಜೋಡಿಸಿ ತಿರುಗಿ ನಮಸ್ಕಾರ ಮಾಡುತ್ತಿದ್ದ. ಕಾರು ಓಡುತ್ತಿರುವಾಗ ಎರಡೂ ಕೈ ಬಿಟ್ಟು ನಮಸ್ಕಾರ ಮಾಡುವ ಸಾವಕಾರರ ಧೈರ್ಯದ ಬಗ್ಗೆ ಕುಂದಗೋಳದವರೆಗೆ ಮಾತಾಯಿತು.

ಹೀಗೇ ನಡೆದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಆದರೆ ಕಾಕಾ ಕಾರಿಗಾಗಿ ಯಮನೂರಿಗೆ ಹರಕೆ ಹೊತ್ತಿದ್ದ. ಅಲ್ಲಿಯ ದರ್ಗಾಕ್ಕೆ ನಮ್ಮ ಕಡೆಯ ಎಲ್ಲ ಜಾತಿಯವರೂ ಹೋಗುತ್ತಾರೆ, ಸಕ್ಕರೆಯ ಮೇಲೆ ದುವಾ ಓದಿಸಿಕೊಂಡು ಪ್ರಸಾದ ಮಾಡಿ ತರುತ್ತಾರೆ. ಒಂದು ಗುರುವಾರ ಅತ್ತೆ, ಕಾಕಾ ಮುಂದೆ, ಅಪ್ಪ ಮತ್ತು ನಾನು ಹಿಂದೆ ಕುಳಿತು ಹೋದೆವು. ನಾನು ಆಗ ಧಾರವಾಡದಲ್ಲಿ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದೆ, ರಜೆಗೆಂದು ಬಂದಿದ್ದೆ. ಹೋಗುವಾಗ ಆಮೆ ಗಾಳಿಯಲ್ಲಿ ತೇಲಿದ ಹಾಗೆ ಹೋಯಿತು.

ಸಕ್ಕರೆ ಓದಿಸಿಕೊಂಡು ಬಂದು ಕಾರಿನಲ್ಲಿ ಕುಳಿತಾಗ ಪ್ರಶ್ನೆ ಹುಟ್ಟಿತು. ಪ್ರಸಾದದ ಚೀಲ ಎಲ್ಲಿಡುವುದು? ಕೆಳಗಿಟ್ಟರೆ ಕಾಲು ತಾಗುತ್ತದೆ. ಸೀಟಿನ ಮೇಲಿಟ್ಟರೆ, ಜನ ಕುಂಡೆ ಊರುವ ಜಾಗ. ಹಿಂದೆ ನನ್ನ ಕೈಗೆ ಕೊಡಬಹುದಿತ್ತು, ಆದರೆ ಬರುವಾಗ ಹಾದಿಯಲ್ಲಿ ನಾನು ಊದಿನಕಡ್ಡಿಯ ಕಟ್ಟನ್ನೇ ಕಳೆದಿದ್ದೆ. ಉಳಿದದ್ದು ಕಾಕಾನ ತೊಡೆ. ಆದರೆ ತೊಡೆಯ ಮೇಲಿನ ಚೀಲವನ್ನು ಹಿಡಿದುಕೊಳ್ಳಬೇಕು. ಹಿಡಿದುಕೊಂಡರೆ ದರ್ಗಾದ ಮುಂದೆ ನೆರೆದ ಅಷ್ಟೊಂದು ಜನಕ್ಕೆ ನಮಸ್ಕಾರ ಮಾಡುವುದು ಹೇಗೆ? ಕಾಕಾ ಒಂದು ಗಳಿಗೆ ಯೋಚಿಸಿ, ಚೀಲದ ಕಿವಿಯನ್ನು ಗೇರ್ ರಾಡಿಗೆ ಸಿಗಿಸಿ, ಎರಡೂ ಕೈ ಖಾಲಿ ಮಾಡಿಕೊಂಡು ಜನರ ಕಡೆ ತಿರುಗಿ ಕೈ ಮುಗಿದ.

ಎಂಜಿನ್ ಚಾಲೂ ಆಯಿತು. ಗೇರ್ ಬಿತ್ತು. ಅತ್ತೆ ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಭೋರೆಂದಿತು. ಕಾರು ಕದಲಲಿಲ್ಲ.

"ಅಣ್ಣಾ, ಚೀಲ ತಗಿ" ಎಂದಳು ಅತ್ತೆ.

"ಯಾಕ?"

"ಅದು ರಾಡ್ ಜಗ್ಗಾಕ ಹತ್ತೈತಿ. ತಗದ್ರ ಹೋಗತೈತಿ."

"ಎಲ್ಲಿ ಇಡ್ಲಿ? ನಿನ್ನ ಕಾಲಾಗ ಇಡ್ಲೇನು?"

ಅತ್ತೆ ತಾನೇ ತೆಗೆಯಲು ಕೈ ಹಾಕಿದಳು. ಹೊರಗಿನಿಂದ ಬಗ್ಗಿ ನೋಡುತ್ತಿದ್ದ ಒಬ್ಬ ಮುದುಕಿ, "ಏ ತಂಗೀ, ಓದಿಸಿದ ಸಕ್ಕರಿ ಐತಿ ಅದು! ಗಾಡಿಗೆ ಕಷ್ಟ ಬಂದಾಗ ದೇವರನ್ನ ಇಳಸ್ತಾರೇನು?" ಎಂದಳು. ಕಾಕಾನಿಗೆ ಅದು ಸರಿಯೆನಿಸಿತು. ಅಪ್ಪನಿಗೂ ಸರಿಯೆನಿಸಿತು. ಗಾಡಿ ನಿಂತಿದೆ ಎಂದರೆ ಪ್ರಸಾದ ಕಡಿಮೆ ಬಿದ್ದಿದೆ ಎಂದು ಅರ್ಥವಲ್ಲದೆ ಇನ್ನೇನು? ಕಾಕಾ ಇಳಿದು ಹೋಗಿ ಇನ್ನೊಂದಿಷ್ಟು ಸಕ್ಕರೆ ಓದಿಸಿಕೊಂಡು ಬಂದು ಅದೇ ಚೀಲಕ್ಕೆ ಸುರಿದ. ಚೀಲ ಮೊದಲಿಗಿಂತ ಭಾರವಾಗಿ ಜೋತಾಡಿತು. ಎಂಜಿನ್ ಮೊದಲಿಗಿಂತ ಜೋರಾಗಿ ಕೂಗಿತು. ಕಾರು ಮೊದಲು ಎಲ್ಲಿತ್ತೋ ಅಲ್ಲೇ ಇತ್ತು.

ಜನ ಸೇರಿದರು. ಗಾಡಿ ನಿಂತರೆ ನೀರು ಹಾಕಬೇಕು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು, ಹಾಗಾಗಿ ಇಬ್ಬರು ಕೊಡ ತಂದರು. ಒಬ್ಬ ಬಾನೆಟ್ ತೆಗೆದವನು ದಂಗುಬಡಿದು ನಿಂತ. "ಸಾವಕಾರ್ರ, ನಿಮ್ಮ ಎಂಜಿನ್ ಯಾರೋ ಬಿಚ್ಚಿಕೊಂಡು ಹೋಗ್ಯಾರ್ರಿ!" ನಾನು ಸುಮ್ಮನಿರಲಾರದೆ ಕೆಳಗಿಳಿದು ಕಾರ್ಬ್ಯುರೇಟರಿನ ಬಗ್ಗೆ ಒಂದು ಭಾಷಣ ಮಾಡಿದೆ. ಕಾರ್ಬ್ಯುರೇಟರನ್ನು ನಾನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಜನ ಬಹಳ ಗೌರವದಿಂದ ಕೇಳಿದರು. ಅತ್ತೆ ಒಳಗಿನಿಂದ ಇನ್ನೊಮ್ಮೆ "ಚೀಲ ತಗೀರಿ" ಎಂದದ್ದು ನನ್ನ ಭಾಷಣದಲ್ಲಿ ಮುಳುಗಿಹೋಯಿತು.

ಅಷ್ಟರಲ್ಲಿ ಬಲಗಡೆಯ ಕಿಟಕಿಯಲ್ಲಿ ತಲೆ ತೂರಿಸಿದ್ದ ಒಬ್ಬ ರೈತ ಕೇಳಬಾರದ್ದನ್ನು ಕೇಳಿಬಿಟ್ಟ. "ಸಾವಕಾರ್ರ, ನಿಮ್ಮ ಬಾಜು ಸ್ಟೇರಿಂಗನ ಇಲ್ಲಲ್ರಿ? ಗಾಡಿ ಹೊಡಿಯೂದು ಯಾರ್ರಿ?"

ಗುಂಪಿನ ಕಣ್ಣೆಲ್ಲ ಎಡಗಡೆಗೆ ಹೊರಳಿತು. ಆಮೇಲೆ ಯಾರೋ ಕಿಸಕ್ಕೆಂದರು. ಕಾಕಾನ ಕಿವಿ ಕೆಂಪಾದದ್ದು ನನಗೆ ಕಂಡಿತು. ಕೊನೆಗೆ ಎರಡು ಎತ್ತು ಕಟ್ಟಿ ಕಾರನ್ನು ಅಣ್ಣಿಗೇರಿಗೆ ಎಳೆಸಿದೆವು. ಅತ್ತೆ ಎಡಗಡೆ ಸ್ಟೇರಿಂಗ್ ಹಿಡಿದಿದ್ದಳು, ನಡುವೆ ಸಕ್ಕರೆ ಜೋತಾಡುತ್ತಿತ್ತು, ಬಲಗಡೆ ಕಾಕಾ ಕೈ ಕಟ್ಟಿ ಕುಳಿತಿದ್ದ. ಅವತ್ತು ದಾರಿಯಲ್ಲಿ ಯಾರಿಗೂ ನಮಸ್ಕಾರ ಮಾಡಲಿಲ್ಲ.

ಮನೆಗೆ ಬಂದು ಪ್ರಸಾದವನ್ನು ದೇವರ ಜಗಲಿಯ ಮೇಲಿಟ್ಟರು. ಮರುದಿನ ಬೆಳಿಗ್ಗೆ ಅತ್ತೆ ಕುಳಿತು ಚಾಲೂ ಮಾಡಿದಳು, ಆಮೆ ಏನೂ ಆಗಿಲ್ಲವೆಂಬಂತೆ ಶಲವಡಿಗೆ ಹೋಗಿ ಬಂತು. ಸಂಜೆ ಅವಳು ಕಾಕಾನನ್ನು ಅಂಗಳಕ್ಕೆ ಕರೆದು, ಉಳ್ಳಾಗಡ್ಡಿಯ ಚೀಲವನ್ನು ರಾಡಿಗೆ ತೂಗುಹಾಕಿ ತೋರಿಸಿದಳು. ಎಂಜಿನ್ ಕೂಗಿತು, ಕಾರು ನಿಂತಿತು. ಚೀಲ ತೆಗೆದಳು, ಕಾರು ಹೊರಟಿತು. ಇದಕ್ಕಿಂತ ಸ್ಪಷ್ಟವಾಗಿ ಸಾಲಿಯ ಮಕ್ಕಳಿಗೂ ಅವಳು ಪಾಠ ಹೇಳಿರಲಿಕ್ಕಿಲ್ಲ.

ಕಾಕಾನಿಗೆ ಅರ್ಥವಾಯಿತು. ಅದೇ ತೊಂದರೆಯಾದದ್ದು. "ಅಂದ್ರ ಒಂದು ಚೀಲದ ಭಾರ ತಡಿಲಾರದ ಗಾಡಿ! ಇದಕ್ಕ ಗಾಡಿ ಅಂತಾರೇನು? ಕ್ಲಚ್ ಪೆಡಲ್ ಹಾಕಸ್ತೀನಿ."

ಚೀಲದ ಭಾರ ಬರೀ ನೆಪ. ಚಹದ ಅಂಗಡಿಯಲ್ಲಿ ಆಗಲೇ ಮಾತು ಹುಟ್ಟಿತ್ತು, ತಂಗಿ ಗಾಡಿ ಹೊಡೀತಾಳ, ಅಣ್ಣ ಕೈ ಮುಗೀತಾನ ಎಂದು. ಅಂಬಾಸಿಡರಿನ ಅಡತಿಯವರ ಕಿವಿಗೂ ಅದು ಬಿದ್ದಿತ್ತು.

ಅತ್ತೆ ಅಣ್ಣಂದಿರ ಮುಂದೆ ಏನನ್ನೂ ಬೇಡಿದವಳಲ್ಲ. ಅಂದು ಪಡಸಾಲೆಯಲ್ಲಿ ನಿಂತು ಬೇಡಿದಳು. "ಅಣ್ಣಾ, ಆ ಗಾಡಿಯಾಗ ಕುಂತಾಗಷ್ಟ ನನ್ನ ಕಾಲು ನನಗ ನೆನಪಾಗಂಗಿಲ್ಲ. ಅದನ್ನ ಹಂಗ ಇರಾಕ ಬಿಡು."

ಕಾಕಾ ಕೆಟ್ಟವನಲ್ಲ. ತಂಗಿಯ ಮೇಲೆ ಜೀವ ಇಟ್ಟುಕೊಂಡವನು. "ನಿನಗ ಡ್ರೈವರ್ ಇಡ್ತೀನಿ ತಗೋ ಗಂಗಾ. ಒಬ್ಬಾಂವ ಸಾಲದಿದ್ರ ಇಬ್ಬರನ್ನ ಇಡ್ತೀನಿ" ಎಂದ. ಇಷ್ಟೊಂದು ಪ್ರೀತಿಯ ಮುಂದೆ ಅವಳು ಏನು ಹೇಳಬೇಕು? ಅಪ್ಪ ಎಲೆ ಅಡಿಕೆ ಹಾಕಿಕೊಂಡ. ನನಗೆ ಇಂದಿಗೂ ಆ ಇಬ್ಬರ ಮೇಲೆ ಸಿಟ್ಟು ಬರುತ್ತದೆ, ಇಬ್ಬರೂ ಈಗ ಇಲ್ಲದಿದ್ದರೂ.

ಹುಬ್ಬಳ್ಳಿಯಿಂದ ಬಾಬೂ ಮಿಸ್ತ್ರಿ ಬಂದ. ಅಂಬಾಸಿಡರ್, ಜೀಪು, ಹಿಟ್ಟಿನ ಗಿರಣಿ ಮೂರನ್ನೂ ಒಂದೇ ಪಾನಾದಿಂದ ಬಿಚ್ಚುತ್ತೇನೆ ಎನ್ನುವುದು ಅವನ ಹೆಮ್ಮೆ. ಕೊನೆಗೆ ಜೋಡಿಸುತ್ತಾನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮುಂಬೈಯ ಗುಜರಿಯಿಂದ ಹಳೆಯ ಬೀಟಲ್ ಒಂದರ ಗೇರ್ ಬಾಕ್ಸು, ಕ್ಲಚ್ಚು, ಮೂರು ಪೆಡಲಿನ ಜೋಡಣೆ ಎಲ್ಲ ತರಿಸಿದರು. ಕೆಲಸ ನಡೆದದ್ದು ಅಡತಿ ಅಂಗಡಿಯ ಹಿತ್ತಿಲಲ್ಲಿ, ಮೆಣಸಿನಕಾಯಿ ಚೀಲಗಳ ಮಗ್ಗುಲಲ್ಲಿ. ಎಂಜಿನ್ನನ್ನು ಹಿಂದಿನಿಂದ ಇಳಿಸಿದರು, ಅದರ ಮುಂದಿದ್ದ ಗೇರ್ ಬಾಕ್ಸನ್ನೂ ಇಳಿಸಿದರು, ಕ್ಲಚ್ಚನ್ನು ತಾನಾಗಿ ಎಳೆಯುತ್ತಿದ್ದ ಡಬ್ಬಿ, ರಬ್ಬರ್ ಕೊಳವೆ, ವೈರು ಎಲ್ಲವನ್ನೂ ಕಿತ್ತು ಗುಡ್ಡೆ ಹಾಕಿದರು. ನಡುನಡುವೆ ಎಲ್ಲರೂ ಸೀನುತ್ತಿದ್ದರು. ದಸರೆಗೆ ಕೊಡುತ್ತೇನೆ ಎಂದ ಮಿಸ್ತ್ರಿ ಸಂಕ್ರಾಂತಿಗೆ ಕೊಟ್ಟ. ಅಷ್ಟು ದಿನ ಅತ್ತೆ ಬಸ್ಸಿನಲ್ಲೇ ಹೋದಳು. ಇಡುತ್ತೇನೆಂದ ಡ್ರೈವರು, ಗಾಡಿ ತಯಾರಾದ ಮೇಲೆ ಬರುವವನಿದ್ದ.

ಒಂದು ಸಂಜೆ ಅವಳು ಹಿತ್ತಿಲಿಗೆ ಬಂದು ನಿಂತು ಕೇಳಿದಳು. "ಮಿಸ್ತ್ರಿ, ಇದನ್ನ ಒತ್ತಾಕ ಎಡಗಾಲು ಬೇಕೇನ್ರಿ?"

"ಬೇಕ್ರಿ ಅಕ್ಕಾರ. ಬಲಾ ಹಾಕಿ ತುಳೀಬೇಕ್ರಿ."

ಅತ್ತೆ ತಲೆಯಾಡಿಸಿದಳು. ಗುಡ್ಡೆಯಲ್ಲಿ ಬಿದ್ದಿದ್ದ ಹಳೆಯ ಗೇರ್ ರಾಡನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿ, "ಇದು ನನಗಿರ್ಲಿ" ಎಂದು ತೆಗೆದುಕೊಂಡು ಹೋದಳು. ಹೆಣ್ಣುಮಕ್ಕಳಿಗೆ ಸಣ್ಣ ಪುಟ್ಟ ವಸ್ತುಗಳ ಆಸೆ ಎಂದು ಕಾಕಾ ನಕ್ಕ.

ಕಾರಿನ ಪೂಜೆಯಾಯಿತು. ಮೂರನೇ ಪೆಡಲಿಗೆ ಪ್ರತ್ಯೇಕ ಕುಂಕುಮ. ಕಾಕಾ ಎಡಗಡೆ ಕುಳಿತು, ಎಡಗಾಲಿನಿಂದ ಕ್ಲಚ್ ತುಳಿದು, ಯಾರ ಹಣೆಗೂ ಏಟಾಗದಂತೆ ಅಣ್ಣಿಗೇರಿಯ ಪೇಟೆಯಲ್ಲಿ ಹೊರಟ. ಮೊದಲ ಸಲ ತನ್ನ ಕಾರನ್ನು ತಾನೇ ಸರಿಯಾಗಿ ಓಡಿಸಿದ. ಬಲಗಡೆ ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯನ್ನು ಕೂರಿಸಿಕೊಂಡಿದ್ದ. ಜನ ರಸ್ತೆಯ ಎರಡೂ ಬದಿಗೆ ನಿಂತು, ಬಲಗಡೆ ಕುಳಿತಿದ್ದ ದಿವಾನಜಿಗೆ ಭಕ್ತಿಯಿಂದ ನಮಸ್ಕಾರ ಮಾಡಿದರು. ದಿವಾನಜಿ ಬಹಳ ವಿನಯವಂತ, ಎರಡೂ ಕೈ ಎತ್ತಿ ಎಲ್ಲರಿಗೂ ತಿರುಗಿ ನಮಸ್ಕಾರ ಮಾಡಿದ. ಕಾಕಾನ ಎರಡೂ ಕೈ ಖಾಲಿ ಇರಲಿಲ್ಲ, ಒಂದು ಸ್ಟೇರಿಂಗಿನಲ್ಲಿ, ಇನ್ನೊಂದು ಗೇರಿನಲ್ಲಿ. ಹೊಟ್ಟೆ ತುಂಬ ನಕ್ಕವಳು ನಾನೊಬ್ಬಳೇ ಅಲ್ಲ, ಕಾಕಿಯೂ ಸೆರಗು ಬಾಯಿಗೆ ಹಿಡಿದಿದ್ದಳು.

ಅಂಥ ಮೆರವಣಿಗೆ ಎಷ್ಟು ಸಲ ಮಾಡಲು ಸಾಧ್ಯ? ಕಾಕಾನಿಗೆ ಉತ್ಸಾಹ ಬತ್ತಿತು. ಡ್ರೈವರುಗಳು ಬಂದರು, ಹೋದರು. ಒಬ್ಬ ಎಡಗಡೆಯ ಸ್ಟೇರಿಂಗಿಗೆ ಒಗ್ಗಲಿಲ್ಲ, ಇನ್ನೊಬ್ಬ ಕ್ಲಚ್ಚಿನ ಮೇಲಿಂದ ಕಾಲನ್ನೇ ತೆಗೆಯದೆ ಅದನ್ನು ಸುಟ್ಟ. ಮುಂದಿನ ಮಳೆಗಾಲದ ಹೊತ್ತಿಗೆ ಆಮೆ ಹಿತ್ತಿಲಲ್ಲಿ ಕಾಯಂ ಆಗಿ ನಿಂತಿತು. ಅದರ ಬಾನೆಟ್ಟಿನೊಳಗೆ ಓಣಿಯ ಕೋಳಿಗಳು ಮೊಟ್ಟೆಯಿಟ್ಟವು. ಗಂಗತ್ತೆ ನಿವೃತ್ತಿಯಾಗುವ ತನಕ ಬಸ್ಸಿನಲ್ಲೇ ಓಡಾಡಿದಳು, ಮೇಲಿನಿಂದ ಒಬ್ಬರು ಎಳೆದು, ಕೆಳಗಿನಿಂದ ಒಬ್ಬರು ಒತ್ತಿ.

ನಿವೃತ್ತಿಯ ನಂತರ ಅವಳು ಶಲವಡಿಯಲ್ಲೇ ಸಣ್ಣದೊಂದು ಮನೆ ಮಾಡಿಕೊಂಡಳು. ಬಾಗಿಲ ಪಕ್ಕದ ಗೋಡೆಗೆ ಆ ಗೇರ್ ರಾಡನ್ನು ಹೊಡೆಸಿದ್ದಳು, ಕೈಗೆಟುಕುವ ಎತ್ತರದಲ್ಲಿ. ಬಂದವರು ಅದನ್ನು ಗೂಟ ಎಂದೇ ತಿಳಿಯುತ್ತಿದ್ದರು. ಆದರೆ ಅದಕ್ಕೆ ಟೊಪಿಗೆಯನ್ನಾಗಲಿ ಛತ್ರಿಯನ್ನಾಗಲಿ ಹಾಕಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಅದರ ಕಪ್ಪು ಗುಂಡು ಮಾತ್ರ ಯಾವಾಗಲೂ ಫಳಫಳ ಹೊಳೆಯುತ್ತಿತ್ತು. ಕೈ ಆಡಿ ಆಡಿ ಹೊಳಪು ಬಂದದ್ದು ಎಂದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಕಾಕಾ ವಯಸ್ಸಾದ ಮೇಲೆ ಒಮ್ಮೆ ತಂಗಿಯನ್ನು ನೋಡಲು ಹೋಗೂಣು ಎಂದ. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಈಗ ಅವನ ಮೊಣಕಾಲುಗಳೂ ಹೋಗಿದ್ದವು. ಮೇಲಿನಿಂದ ಕಂಡಕ್ಟರ್ ಎಳೆದ, ಕೆಳಗಿನಿಂದ ನಾನು ಒತ್ತಿದೆ. ಹತ್ತಿ ಕುಳಿತವನು ಶಲವಡಿ ಬರುವ ತನಕ ಬಸ್ಸಿನ ಮೆಟ್ಟಿಲನ್ನೇ ನೋಡುತ್ತಿದ್ದ. ಕೈಯಲ್ಲಿ ಒಂದು ಚೀಲವಿತ್ತು, ತಂಗಿಗೆಂದು ಯಮನೂರಿನಲ್ಲಿ ಓದಿಸಿ ತರಿಸಿದ್ದ ಸಕ್ಕರೆ.

ಮನೆಯೊಳಗೆ ಕಾಲಿಟ್ಟವನು ಪ್ರಸಾದ ಕೆಳಗಿಡಬಾರದಲ್ಲ ಎಂದು ಸುತ್ತ ನೋಡಿ, ಗೋಡೆಯ ಗೂಟಕ್ಕೆ ಚೀಲ ಸಿಗಿಸಿ, ಎರಡೂ ಕೈ ಜೋಡಿಸಿ, "ಆರಾಮದಿ ಏನವಾ ಗಂಗಾ?" ಎಂದ.

ಅತ್ತೆ ಕುರ್ಚಿಯಿಂದ ಏಳಲಿಲ್ಲ. "ಅಣ್ಣಾ, ಚೀಲ ತಗಿ" ಎಂದಳು.

ಕಾಕಾ ಗೂಟವನ್ನು ನೋಡಿದ. ಅದೇನೆಂದು ಗುರುತು ಹತ್ತಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಜೋಡಿಸಿದ ಕೈ ಹಾಗೇ ಕೆಳಗಿಳಿಯಿತು. ಎಲ್ಲಿ ಇಡಲಿ ಎಂದು ಈ ಸಲ ಕೇಳಲಿಲ್ಲ. ಚೀಲವನ್ನು ತೆಗೆದುಕೊಂಡು ಬಂದು ಅವಳ ಎದುರಿನ ಬೆಂಚಿನ ಮೇಲೆ ಕುಳಿತು, ಅದನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

"ಹಾಂ," ಎಂದಳು ಅತ್ತೆ. "ಈಗ ಹೋಗತೈತಿ ನೋಡು."